ಉಸಿರಾಡುವ ತೂತು

ಹೊಸ ಪಾತ್ರೆಗೆ ಅಂಟಿಸಿದ ಲೇಬಲ್ಲು ಕೀಳುವುದನ್ನು ಈ ಮನೆಯ ಅಮ್ಮನಿಂದ ಕಲಿಯಬೇಕು. ಉಳಿದವರು ಉಗುರಿನಲ್ಲಿ ಕೆರೆಯುತ್ತಾರೆ. ಅರ್ಧ ಬಂದು ಅರ್ಧ ಉಳಿದು ಆ ಜಾಗ ಕೊನೆಯವರೆಗೂ ಜಿಗುಟು. ಅಮ್ಮ ಪಾತ್ರೆಯನ್ನು ಒಲೆಯ ಉರಿಗೆ ತುಸು ಹಿಡಿದು, ಒಂದು ಮೂಲೆ ಎತ್ತಿ, ನಿಧಾನವಾಗಿ ಎಳೆದರೆ ಲೇಬಲ್ಲು ಇಡಿಯಾಗಿ ಕೈಗೆ ಬರುತ್ತಿತ್ತು. ಉಳಿದ ಅಂಟಿಗೆ ಎರಡು ತೊಟ್ಟು ಅಡುಗೆ ಎಣ್ಣೆ, ಮೇಲೊಂದು ಒಣ ಬಟ್ಟೆ. ಈ ವಿದ್ಯೆಯನ್ನು ಅವಳು ಸೊಸೆಗೆ ಕಲಿಸಿದಳು. ಸೊಸೆ ಗಂಡನಿಗೆ ತೋರಿಸಿದಳು, ಅಲ್ಲಿಂದ ಶುರುವಾಯಿತು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಅಪ್ಪನ ಕಾಲದಲ್ಲಿ ಅಲ್ಲಿ ರೇಡಿಯೋ ರಿಪೇರಿ ನಡೆಯುತ್ತಿತ್ತು, ಈಗ ಮಗ ಕಂಪ್ಯೂಟರ್ ಸಾಮಾನು ಮಾರುತ್ತಾನೆ. ಕೈ ನಡುಗಲು ಹಿಡಿದ ಮೇಲೆ ಅಪ್ಪನಿಗೆ ಉಳಿದ ಕೆಲಸವೆಂದರೆ ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂರುವುದು. ಅದೇನೂ ಸಣ್ಣ ಕೆಲಸವಲ್ಲ. ಗಿರಾಕಿ ಅನುಮಾನದಿಂದ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರೆ ಅಪ್ಪ ತಲೆ ಎತ್ತಿ, "ನಾನಿದ್ದೀನಲ್ಲ, ತಗೊಂಡು ಹೋಗಿ" ಎನ್ನುತ್ತಿದ್ದರು. ಅವರು ಎಂದೋ ಸರಿಮಾಡಿಕೊಟ್ಟ ರೇಡಿಯೋ ಇನ್ನೂ ಹಾಡುತ್ತಿರುವ ಮನೆಗಳು ಆ ಬೀದಿಯಲ್ಲಿ ಬೇಕಾದಷ್ಟಿದ್ದವು. ಜನ ತೆಗೆದುಕೊಂಡು ಹೋಗುತ್ತಿದ್ದರು.

ಅಂಗಡಿಗೂ ಮನೆಗೂ ನಡುವೆ ಒಂದು ಪರದೆ. ಪರದೆಯ ಹಿಂದೆ ಊಟದ ಮೇಜು. ಒಂದು ಮಧ್ಯಾಹ್ನ ಮಗ ಗುಜರಿಯವನ ಹತ್ತಿರದಿಂದ ತಂದ ರಟ್ಟಿನ ಪೆಟ್ಟಿಗೆಯನ್ನು ಆ ಮೇಜಿನ ಮೇಲಿಟ್ಟ. ಒಳಗೆಲ್ಲ ಹಾರ್ಡ್ ಡಿಸ್ಕುಗಳು. ಕಾವಲು ಕ್ಯಾಮರಾಗಳಲ್ಲಿ, ಆಫೀಸುಗಳಲ್ಲಿ ಹಗಲೂ ರಾತ್ರಿ ಗಿರಗಿರನೆ ಸುತ್ತಿ, ಇನ್ನು ಬೇಡವೆಂದು ಯಾರೋ ಕಿತ್ತು ಬಿಸಾಡಿದವು.

"ಇವು ಸತ್ತಿಲ್ಲ, ದಣಿದಿವೆ ಅಷ್ಟೆ. ಒರೆಸಿ ಹೊಸ ಅಂಗಿ ಹಾಕಿದ್ರೆ ಓಡ್ತವೆ," ಎಂದ ಮಗ.

"ಹೊಸದು ಅಂತ ಮಾರ್ತೀರಾ?" ಸೊಸೆ ಕೇಳಿದಳು.

"ಗಿರಾಕಿ ಹೊಸದು ಅಂದ್ಕೊಂಡ್ರೆ ನಾನ್ಯಾಕೆ ಬೇಡ ಅನ್ನಲಿ?"

ಸೊಸೆ ಮತ್ತೆ ಕೇಳಲಿಲ್ಲ. ಡಿಸ್ಕು ಎಷ್ಟು ಗಂಟೆ ಓಡಿದೆ ಎಂಬ ಲೆಕ್ಕ ಅದರೊಳಗೇ ಇರುತ್ತದೆ. ಅದನ್ನು ಸೊನ್ನೆ ಮಾಡುವುದು ಅವನ ಪಾಲು, ಹಳೆ ಲೇಬಲ್ಲು ಕಿತ್ತು ಹೊಸದು ಅಂಟಿಸುವುದು ಅವಳ ಪಾಲು ಎಂದಾಯಿತು. ಬಿಸಿಗೆ ತಲೆಕೂದಲು ಒಣಗಿಸುವ ಯಂತ್ರ, ಅಂಟಿಗೆ ಅಡುಗೆ ಎಣ್ಣೆ. ಅಮ್ಮ ಒಲೆಯ ಮುಂದಿನಿಂದಲೇ, "ಜಾಸ್ತಿ ಬಿಸಿ ಮಾಡ್ಬೇಡ, ಕಪ್ಪಗಾಗುತ್ತೆ" ಎಂದು ಹೇಳಿಕೊಡುತ್ತಿದ್ದಳು. ಅದು ಏನು, ಯಾಕೆ ಎಂದು ಅವಳೂ ಕೇಳಲಿಲ್ಲ. ಮಗನ ಅಂಗಡಿಯ ಕೆಲಸಕ್ಕೆ ಮನೆಯ ಹೆಂಗಸರು ಕೈ ಹಾಕಿದರೆ ಅದರಲ್ಲಿ ಕೇಳುವುದೇನಿದೆ?

ಸೊಸೆಗೆ ಆ ಬೀದಿಯಲ್ಲಿ ಅಚ್ಚುಕಟ್ಟಮ್ಮ ಎಂದೇ ಹೆಸರು. ಅವಳ ಅಡುಗೆಮನೆಯಲ್ಲಿ ತೆರೆದ ಬಾಯಿಯ ವಸ್ತುವೇ ಇರಲಿಲ್ಲ. ಔಷಧಿ ಸೀಸೆಯ ಮುಚ್ಚಳ ಸಡಿಲವೇ? ಗುಂಡಗೆ ಕತ್ತರಿಸಿದ ಪಾರದರ್ಶಕ ಟೇಪು. ಉಪ್ಪಿನ ಡಬ್ಬಿಯಲ್ಲಿ ಬಿರುಕೇ? ಟೇಪು. ಪ್ರತಿ ತುಂಡಿನ ಒಂದು ಅಂಚನ್ನು ಒಳಕ್ಕೆ ಮಡಿಸಿ ಸಣ್ಣ ಕಿವಿ ಬಿಡುತ್ತಿದ್ದಳು, ಮತ್ತೆ ಎತ್ತಿ ತೆಗೆಯಲು ಸುಲಭವಾಗಲಿ ಎಂದು. ನಾದಿನಿ ಒಮ್ಮೆ, "ಅತ್ತಿಗೆ, ನಾನು ನಿದ್ದೇಲಿ ಬಾಯಿ ಬಿಟ್ಕೊಂಡು ಮಲಗಿದ್ರೆ ಅದಕ್ಕೂ ಅಂಟಿಸ್ತೀರಾ?" ಎಂದು ಚುಡಾಯಿಸಿದ್ದಳು.

ಡಿಸ್ಕಿನ ಮೇಲೆ ಸಾಸಿವೆ ಕಾಳು ಹಿಡಿಸುವಷ್ಟು ಚಿಕ್ಕದೊಂದು ತೂತಿತ್ತು. ಹಳೆ ಲೇಬಲ್ಲಿನಲ್ಲಿ ಅದರ ಸುತ್ತ ಗುಂಡಗೆ ಜಾಗ ಬಿಟ್ಟು, ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಏನೋ ಬರೆದಿತ್ತು. ಹೊಸ ಲೇಬಲ್ಲಿನಲ್ಲಿ ಗುಂಡು ಜಾಗ ಮಾತ್ರ ಇತ್ತು, ಅಕ್ಷರ ಇರಲಿಲ್ಲ.

"ರೀ, ಈ ತೂತು ಹೀಗೇ ಬಿಟ್ರೆ ದೂಳು ಹೋಗಲ್ವಾ?" ಎಂದು ಸೊಸೆ ಪರದೆ ಸರಿಸಿ ಕೇಳಿದಳು.

ಮಗ ಫೋನಿನಲ್ಲಿದ್ದ. "ಏನಾದ್ರೂ ಮಾಡು" ಎಂದು ಕೈ ಬೀಸಿದ.

ಅವಳು ಮಾಡಿದಳು. ಕಿತ್ತ ಲೇಬಲ್ಲುಗಳನ್ನು ಉಂಡೆ ಕಟ್ಟಿ ಕಸದ ಬುಟ್ಟಿಗೆ ಹಾಕಿದಳು.

*

ನಾದಿನಿಗೆ ಮೂವತ್ತು ದಾಟಿದ್ದರೂ ಎಲ್ಲರಿಗೂ ಅವಳು ಪುಟ್ಟಿ. ಒಂದು ಸ್ಕ್ಯಾನ್ ಸೆಂಟರಿನಲ್ಲಿ ಕೆಲಸ. ರೋಗಿಗಳ ಒಳಗಿನ ಚಿತ್ರಗಳನ್ನು ಜೋಪಾನವಾಗಿ ಎತ್ತಿಡುವುದು, ಡಾಕ್ಟರು ಕೇಳಿದಾಗ ಹುಡುಕಿ ಕೊಡುವುದು ಅವಳ ಜವಾಬ್ದಾರಿ. ಬೆಳಿಗ್ಗೆ ಬೇಗ ಹೊರಟು ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು. ಆ ಹೊತ್ತಿಗೆ ಊಟದ ಮೇಜು ಒರೆಸಿ ಚೊಕ್ಕಟವಾಗಿರುತ್ತಿತ್ತು.

ಒಂದು ದಿನ ಊಟಕ್ಕೆ ಕೂತಾಗ ಅವಳೇ ಮಾತು ತೆಗೆದಳು. "ನಮ್ಮಲ್ಲಿ ಜಾಗ ತುಂಬಿದೆ. ಡಾಕ್ಟರು ಹೊಸ ಡಿಸ್ಕು ತರಿಸು ಅಂದ್ರು. ಒಂದರಲ್ಲಿ ಚಿತ್ರ ಇಟ್ರೆ ಇನ್ನೊಂದರಲ್ಲಿ ಅದರ ನಕಲು ಇರ್ಬೇಕು. ಜೊತೆ ಬೇಕು."

ಮಗನ ಕೈ ತಟ್ಟೆಯಲ್ಲೇ ಒಂದು ಕ್ಷಣ ನಿಂತಿತು. ಹೇಳಬಹುದಿತ್ತು. ನಮ್ಮಲ್ಲಿ ಬೇಡ, ಬೇರೆ ಕಡೆ ನೋಡು ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಪೆಟ್ಟಿಗೆಯಲ್ಲಿ ಇನ್ನೂ ಮಾಲಿತ್ತು, ತಂಗಿಯ ಮುಂದೆ ಕಾರಣ ಹೇಳಬೇಕಾಗುತ್ತಿತ್ತು.

"ನಾನೇ ಕೊಡ್ತೀನಿ. ಹಳೇವನ್ನ ನನಗೆ ಕೊಟ್ಬಿಡಿ, ಅದರ ಬೆಲೆ ಕಡಿಮೆ ಮಾಡ್ಕೋತೀನಿ" ಎಂದ.

ಸೊಸೆ ಅನ್ನದ ಪಾತ್ರೆ ಹಿಡಿದು ಗಂಡನ ಮುಖ ನೋಡಿದಳು. ಅವನು ನೋಡಲಿಲ್ಲ.

ಮರುದಿನ ಸೆಂಟರಿನ ಡಾಕ್ಟರು ತಾವೇ ಅಂಗಡಿಗೆ ಬಂದರು. ಡಬ್ಬಿ ತಿರುಗಿಸಿ ನೋಡಿದರು. ಅಪ್ಪ ಕುರ್ಚಿಯಿಂದ ಎದ್ದು ನಿಂತು, "ನನ್ನ ಮಗಳು ಕೆಲಸ ಮಾಡೋ ಜಾಗಕ್ಕೆ ಕೆಟ್ಟ ಮಾಲು ಕೊಡ್ತೀವಾ ಡಾಕ್ಟ್ರೇ? ನಾನಿದ್ದೀನಿ" ಎಂದರು. ಅವರಿಗೆ ಪರದೆಯ ಹಿಂದಿನದು ಏನೂ ಗೊತ್ತಿರಲಿಲ್ಲ. ಅಂಗಡಿಯ ಚೀಟಿಯ ಮೇಲೆ, ಮಾಲು ಸರಿಯಾಗಿದೆ ಎಂದು ಪುಟ್ಟಿ ರುಜು ಹಾಕಿದಳು. ಹಳೆಯ ಡಿಸ್ಕುಗಳ ಚಿತ್ರಗಳನ್ನೆಲ್ಲ ಹೊಸದಕ್ಕೆ ತುಂಬಿಸಿ, ಹಳೆಯವನ್ನು ಅಣ್ಣನಿಗೆ ಒಪ್ಪಿಸಿದಳು.

*

ಪಕ್ಕದ ಮನೆಯ ದರ್ಜಿ ಅಕ್ಕ ಒಂಟಿ ಹೆಂಗಸು. ಬೆಳಗಾದರೆ ಅವಳ ಮೆಷಿನ್ನಿನ ಸದ್ದು ಈ ಮನೆಯ ಗೋಡೆಗೆ ಕೇಳುತ್ತಿತ್ತು. ಎರಡು ವರ್ಷದ ಹಿಂದೆ ಕೆಮ್ಮು ಬಿಡದೆ ಪುಟ್ಟಿಯ ಸೆಂಟರಿನಲ್ಲೇ ಸ್ಕ್ಯಾನ್ ಮಾಡಿಸಿದಾಗ ಶ್ವಾಸಕೋಶದಲ್ಲಿ ಒಂದು ಚುಕ್ಕೆ ಕಂಡಿತ್ತು. ಭಯಪಡಬೇಡಿ, ವರ್ಷಕ್ಕೊಮ್ಮೆ ಚಿತ್ರ ತೆಗೆದು ನೋಡೋಣ, ಎರಡು ವರ್ಷ ಬೆಳೆಯದೆ ಇದ್ದರೆ ಅದರ ಪಾಡಿಗೆ ಬಿಟ್ಟುಬಿಡಬಹುದು ಎಂದಿದ್ದರು ದೊಡ್ಡ ಆಸ್ಪತ್ರೆಯ ಡಾಕ್ಟರು. ಈ ಸಲದ್ದು ಕೊನೆಯದು. ಹೊಸ ಡಿಸ್ಕುಗಳು ಬಂದು ಆಗಲೇ ಕೆಲವು ತಿಂಗಳಾಗಿತ್ತು. ಅವಳನ್ನು ಸೆಂಟರಿಗೆ ಕರೆದುಕೊಂಡು ಹೋದವಳು ಪುಟ್ಟಿಯೇ.

ಹೊಸ ಚಿತ್ರ ತೆಗೆದದ್ದಾಯಿತು. ಹಳೆಯದನ್ನು ಪಕ್ಕದಲ್ಲಿಟ್ಟು ನೋಡೋಣವೆಂದು ಪುಟ್ಟಿ ಹುಡುಕಿದರೆ ಡಿಸ್ಕು ಕಟಕಟ ಎಂದು ಎರಡು ಸಲ ಸದ್ದು ಮಾಡಿ ಸುಮ್ಮನಾಯಿತು. ನಕಲಿದ್ದ ಜೋಡಿ ಡಿಸ್ಕು ಅದೇ ವಾರ ಮೊದಲೇ ಹೋಗಿತ್ತು. ಬದಲಿ ತರಿಸಬೇಕೆಂದು ಅವಳು ಅಣ್ಣನಿಗೆ ಹೇಳಿ ಕಾಯುತ್ತಿದ್ದಳು. ಎರಡೂ ಒಂದೇ ಪೆಟ್ಟಿಗೆಯಿಂದ ಬಂದಿದ್ದವು, ಸಾಯುವಾಗಲೂ ಒಂದರ ಹಿಂದೊಂದು ಹೋದವು.

"ಏನಾಯ್ತು ಪುಟ್ಟಿ?" ದರ್ಜಿ ಅಕ್ಕ ಬೆಂಚಿನ ಮೇಲಿಂದ ಕೇಳಿದಳು.

"ಮೆಷಿನ್ನು ಸ್ವಲ್ಪ ಮೊಂಡಾಟ ಮಾಡ್ತಿದೆ ಅಕ್ಕ. ನೀವು ಮನೆಗೆ ನಡೀರಿ."

ಅವಳು ನೇರ ಅಂಗಡಿಗೆ ಬಂದಳು. ಅಣ್ಣ ಗಿರಾಕಿಯ ಜೊತೆ ಇದ್ದ.

"ಅಣ್ಣ, ಹೋದ ಸಲ ಸೆಂಟರಿಂದ ತಂದ ಹಳೇ ಡಿಸ್ಕುಗಳು ಎಲ್ಲಿ?"

"ಯಾಕೆ?"

"ಹೊಸವು ಎರಡೂ ಹೋಗಿವೆ. ಹಳೇದರಲ್ಲಿ ಎಲ್ಲಾ ಇತ್ತಲ್ಲ, ಅದನ್ನ ಕೊಡು."

ಅವನು ಮೊದಲು ಗಿರಾಕಿಯನ್ನು ಸಾಗಹಾಕಿದ. ಆಮೇಲೆ, "ಅವನ್ನ ಆಗಲೇ ಒರೆಸಿ ಮಾರಿದೆ" ಎಂದ.

"ಒರೆಸಿ ಅಂದ್ರೆ?"

"ಒರೆಸಿ ಅಂದ್ರೆ ಒರೆಸಿ. ಒಳಗಿಂದೂ ಹೊರಗಿಂದೂ."

ಅಪ್ಪ ಒಳಗೆ ಮಲಗಿದ್ದರು. ಪುಟ್ಟಿ ಅವರ ಖಾಲಿ ಕುರ್ಚಿಯ ಬೆನ್ನು ಹಿಡಿದು ನಿಂತಳು. ಹಳೆಯವೇ ಇನ್ನೂ ವರ್ಷಗಟ್ಟಲೆ ಓಡುತ್ತಿದ್ದವೇನೋ. ಅವನ್ನು ತಾನೇ ಚೀಲದಲ್ಲಿ ಹಾಕಿಕೊಂಡು ತಂದುಕೊಟ್ಟದ್ದು ಅವಳಿಗೆ ನೆನಪಾಯಿತು.

*

ಸೆಂಟರಿನ ಡಾಕ್ಟರು ಸುಮ್ಮನೆ ಬಿಡಲಿಲ್ಲ. ಕೆಟ್ಟ ಡಿಸ್ಕುಗಳಿಂದ ಡೇಟಾ ತೆಗೆಯುವ ಒಬ್ಬನನ್ನು ಕರೆಸಿದರು. ಅವನು ಮಾತು ಕಡಿಮೆ, ಚಹಾ ಜಾಸ್ತಿ. ಡಾಕ್ಟರ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಡಿಸ್ಕನ್ನು ಕೆಲಹೊತ್ತು ತಿರುಗಿಸಿ ನೋಡಿದ, ಮೂಗಿನ ಹತ್ತಿರ ಹಿಡಿದು ಮೂಸಿದ.

"ಅಡುಗೆ ಎಣ್ಣೆ" ಎಂದ.

ಡಾಕ್ಟರು ನಕ್ಕರು. ಅವನು ನಗಲಿಲ್ಲ. "ಸ್ಕ್ರೂ ತಿರುಗಿಸೋ ತೂತು ನೋಡಿ, ಸವೆದಿದೆ. ಹೊಸದಕ್ಕೆ ಹೀಗಿರಲ್ಲ. ತಂತಿ ಚುಚ್ಚೋ ಜಾಗದ ಹಲ್ಲುಗಳ ಮೇಲೆ ಗೀರು. ಹತ್ತಾರು ಸಲ ಚುಚ್ಚಿ ತೆಗೆದಿದ್ದಾರೆ." ಎರಡನೆಯದನ್ನು ತನ್ನ ಕಂಪ್ಯೂಟರಿಗೆ ಜೋಡಿಸಿ ಕಾದ. ಅದು ಒಂದೆರಡು ನಿಮಿಷ ಉಸಿರಾಡಿ ನಿಂತಿತು. ಅಷ್ಟು ಅವನಿಗೆ ಸಾಕಾಯಿತು. "ಮೇಲಿನ ಲೇಬಲ್ಲಿನ ನಂಬರು ಒಂದು, ಇದು ತಾನಾಗಿ ಹೇಳೋ ನಂಬರು ಇನ್ನೊಂದು. ಓಡಿದ ಗಂಟೆ ಲೆಕ್ಕ ಕೆಲವು ತಿಂಗಳು ಅಂತಿದೆ. ಅದು ಮೇಲಿನ ಲೆಕ್ಕ, ಸೊನ್ನೆ ಮಾಡಬಹುದು. ಒಳಗಡೆ ಇನ್ನೊಂದಿದೆ, ಅದನ್ನ ಮುಟ್ಟೋಕೆ ಈ ಕೆಲಸ ಮಾಡಿದೋನಿಗೆ ಗೊತ್ತಾಗಿಲ್ಲ. ಐದು ವರ್ಷ ನಿದ್ದೆಯಿಲ್ಲದೆ ಓಡಿದೆ ಇದು."

"ಅಂದ್ರೆ ಹಳೇದಕ್ಕೆ ಹೊಸ ಲೇಬಲ್ಲು" ಎಂದರು ಡಾಕ್ಟರು.

"ಹೌದು. ಆದ್ರೂ ಹೀಗೆ ಒಂದೇ ವಾರದಲ್ಲಿ ಎರಡೂ ಹೋಗಬಾರದಿತ್ತು." ಅವನು ಭೂತಗನ್ನಡಿ ತೆಗೆದ. "ಇಲ್ಲಿದೆ ನೋಡಿ. ಇದಕ್ಕೆ ಉಸಿರಾಡೋ ತೂತು ಅಂತಾರೆ. ಒಳಗೆ ಬಿಸಿಯಾದಾಗ ಗಾಳಿ ಹೊರಗೆ ಬರಬೇಕು, ತಣಿದಾಗ ಒಳಗೆ ಹೋಗಬೇಕು. ಇದನ್ನ ಮುಚ್ಚಬೇಡಿ ಅಂತ ಕಂಪನಿಯೋರೇ ಲೇಬಲ್ಲಿನ ಮೇಲೆ ಬರೆದಿರ್ತಾರೆ. ಆ ಲೇಬಲ್ಲನ್ನೇ ಕಿತ್ತು, ಎಣ್ಣೆ ಹಚ್ಚಿ, ಮೇಲೆ ಟೇಪು ಅಂಟಿಸಿದ್ದಾರೆ. ಇಂಥಾ ಮೋಸ ಬಹಳ ನೋಡಿದೀನಿ, ಟೇಪು ಹಾಕಿದ್ದು ಇದೇ ಮೊದಲು. ಹಾಕ್ದೆ ಇದ್ದಿದ್ರೆ ಇನ್ನೊಂದಷ್ಟು ಕಾಲ ಓಡಿಬಿಡ್ತಿತ್ತೇನೋ."

"ಒಳಗಿರೋ ಚಿತ್ರ ಸಿಗುತ್ತಾ?"

"ಇಲ್ಲ. ಒಳಗೆ ಸುತ್ತೋ ತಟ್ಟೆ ಎರಡರಲ್ಲೂ ಕೆರೆದು ಹೋಗಿದೆ."

ಪುಟ್ಟಿ ಭೂತಗನ್ನಡಿಯಲ್ಲಿ ಬಗ್ಗಿ ನೋಡಿದಳು. ಗುಂಡಗೆ ಕತ್ತರಿಸಿದ ಪಾರದರ್ಶಕ ಟೇಪು. ಒಂದು ಅಂಚಿನಲ್ಲಿ ಒಳಕ್ಕೆ ಮಡಿಸಿದ ಸಣ್ಣ ಕಿವಿ. ಅದೇ ಬೆಳಿಗ್ಗೆ ಅಪ್ಪನ ಔಷಧಿ ಸೀಸೆಯ ಮೇಲೆ ಅದೇ ಕಿವಿಯನ್ನು ಹಿಡಿದೆತ್ತಿ ಅವಳು ಚಮಚಕ್ಕೆ ಔಷಧಿ ಬಗ್ಗಿಸಿದ್ದಳು.

"ನಿನಗೇನಾದ್ರೂ ಗೊತ್ತಾ?" ಡಾಕ್ಟರು ಕೇಳಿದರು.

"ಇಲ್ಲ ಸರ್" ಎಂದಳು.

*

ಆ ದಿನ ಊಟಕ್ಕೆ ಬೇಳೆ, ಅನ್ನ, ಬೇಯಿಸಿದ ಮೊಟ್ಟೆ. ಪುಟ್ಟಿ ತಟ್ಟೆಯ ಮುಂದೆ ಕೂತವಳು ಔಷಧಿ ಸೀಸೆಯನ್ನು ತಂದು ಮೇಜಿನ ನಡುವೆ ಇಟ್ಟಳು. ಟೇಪು ಎತ್ತಿದಳು, ಮತ್ತೆ ಅಂಟಿಸಿದಳು.

"ಅತ್ತಿಗೆ, ಡಿಸ್ಕಿನ ತೂತಿಗೂ ಇದನ್ನೇ ಹಾಕಿದ್ರಾ?"

ಸೊಸೆಗೆ ಪ್ರಶ್ನೆಯ ಹಿಂದಿನದು ತಿಳಿಯಲಿಲ್ಲ. ಹೊಗಳಿಕೆ ಎಂದುಕೊಂಡಳೋ ಏನೋ. "ಹೂಂ. ದೂಳು ಹೋಗಬಾರದು ಅಂತ ಎಲ್ಲಾದಕ್ಕೂ ಹಾಕಿದೆ" ಎಂದಳು.

"ಅದು ಉಸಿರಾಡೋ ತೂತಂತೆ. ಮುಚ್ಚಬಾರದಂತೆ."

ಸೊಸೆ ಸೌಟು ಕೆಳಗಿಟ್ಟಳು.

"ಏನು ಡಿಸ್ಕು? ಏನು ತೂತು?" ಅಪ್ಪ ಕೇಳಿದರು.

"ನಿಮ್ಮ ಮಗನ್ನ ಕೇಳಿ ಅಪ್ಪ. ಗುಜರಿ ಡಿಸ್ಕಿಗೆ ಲೇಬಲ್ಲು ಬದಲಾಯಿಸಿ ಹೊಸದು ಅಂತ ಮಾರ್ತಿದಾನೆ. ಇದೇ ಮೇಜಿನ ಮೇಲೆ. ನೀವು ಮುಂದೆ ಕೂತು ನಾನಿದ್ದೀನಿ ಅಂತಿದ್ರಿ, ಹಿಂದೆ ಇವರು ಎಣ್ಣೆ ಹಚ್ಚಿ ಒರೆಸ್ತಿದ್ರು."

ಅಪ್ಪ ಮಗನ ಕಡೆ ತಿರುಗಿದರು. "ಹೌದೇನೋ?"

"ಬೀದಿ ತುಂಬಾ ಇದನ್ನೇ ಮಾಡ್ತಾರೆ ಅಪ್ಪ. ನಾನೊಬ್ಬ ಸತ್ಯವಂತ ಆಗಿ ಏನು ಮಾಡ್ಲಿ? ಈ ಮೊಟ್ಟೆ ಎಲ್ಲಿಂದ ಬಂತು? ನಿಮ್ಮ ಔಷಧಿ ಎಲ್ಲಿಂದ ಬಂತು?"

"ನನ್ನ ಔಷಧಿ ನನ್ನ ಮಗಳ ಸಂಬಳದಲ್ಲಿ ಬರುತ್ತೆ."

"ಹಾಗಿದ್ರೆ ಮೊಟ್ಟೆ ಬಿಟ್ಟು ಔಷಧಿ ಮಾತ್ರ ಕುಡೀರಿ."

"ಬಾಯಿ ಮುಚ್ಚೋ" ಎಂದಳು ಅಮ್ಮ. ಆಮೇಲೆ ಮಗಳ ಕಡೆ ತಿರುಗಿ, ದನಿ ಇಳಿಸಿ, "ನೀನೂ ಅಷ್ಟೆ. ಆಚೆ ಕೇಳ್ಸುತ್ತೆ" ಎಂದಳು.

"ಕೇಳಿಸ್ಲಿ. ಆ ಗೋಡೆ ಆಚೆ ದರ್ಜಿ ಅಕ್ಕ ಇದಾಳೆ. ಅವಳ ಎರಡು ವರ್ಷದ ಚಿತ್ರ ಹೋಯ್ತು. ಚುಕ್ಕೆ ಬೆಳೆದಿದೆಯೋ ಇಲ್ವೋ ಹೇಳೋರು ಯಾರೂ ಇಲ್ಲ ಈಗ."

"ವರದಿ ಕಾಗದ ಇರುತ್ತಲ್ಲ" ಎಂದ ಮಗ.

"ಅದರಲ್ಲಿ ಸಣ್ಣ ಚುಕ್ಕೆ ಅಂತ ಬರೆದಿದೆ. ಎಷ್ಟು ಸಣ್ಣದು ಅಂತ ಚಿತ್ರ ಹೇಳ್ಬೇಕಿತ್ತು."

ಸೊಸೆ ಅಳಲಾರಂಭಿಸಿದಳು. "ನಾನು ಕೆಟ್ಟದ್ದಕ್ಕೆ ಹಾಕ್ಲಿಲ್ಲ ಪುಟ್ಟಿ, ಒಳ್ಳೇದಾಗ್ಲಿ ಅಂತಾನೇ ಮುಚ್ಚಿದೆ" ಎಂದಳು. ಅದು ನಿಜವಾಗಿತ್ತು. ಕೆಟ್ಟ ಕೆಲಸದೊಳಗೂ ಅವಳು ತನ್ನ ಪಾಲನ್ನು ಶ್ರದ್ಧೆಯಿಂದಲೇ ಮಾಡಿದ್ದಳು, ಅದೇ ಹೆಚ್ಚು ಹಾಳು ಮಾಡಿತ್ತು. ಅಪ್ಪ ಕೈ ತೊಳೆದು ಎದ್ದರು. ಅವರ ತಟ್ಟೆಯಲ್ಲಿ ಮೊಟ್ಟೆ ಹಾಗೇ ಉಳಿದಿತ್ತು.

ಎದ್ದವರು ಬಾಗಿಲ ಹತ್ತಿರ ನಿಂತು, "ನಾಳೆ ಡಾಕ್ಟರಿಗೆ ಹೇಳ್ತೀಯಾ?" ಎಂದು ಮಗಳನ್ನು ಕೇಳಿದರು.

ಹೇಳಬೇಡ ಎನ್ನಲಿಲ್ಲ. ಆದರೆ ಕೇಳಿದ ರೀತಿಯಲ್ಲಿ ಅದು ಇತ್ತು. ಹೇಳಿದರೆ ಅಣ್ಣ ಜೈಲಿಗೆ ಹೋಗುತ್ತಾನೆ, ಅತ್ತಿಗೆಯೂ ಹೋಗಬಹುದು. ಅಪ್ಪನ ಕುರ್ಚಿಯ ಮುಂದೆ ಇಡೀ ಬೀದಿ ಬಂದು ನಿಲ್ಲುತ್ತದೆ.

"ಇನ್ನು ಮೇಲೆ ಮಾಡಲ್ಲ ಅಂತ ಹೇಳ್ಲಿ, ಅವನು" ಎಂದಳು ಪುಟ್ಟಿ.

"ಮಾಡಲ್ಲ" ಎಂದ ಮಗ. ಅನ್ನ ಕಲೆಸುತ್ತಲೇ ಹೇಳಿದ.

*

ಡಾಕ್ಟರು ಅಪ್ಪನನ್ನೂ ಮಗನನ್ನೂ ಕರೆಸಿದರು. ಮಗ, ಸಗಟು ವ್ಯಾಪಾರಿ ನನಗೂ ಟೋಪಿ ಹಾಕಿದ ಸರ್, ಅವನೀಗ ಫೋನೇ ಎತ್ತುತ್ತಿಲ್ಲ ಎಂದು ಎದೆ ಮುಟ್ಟಿಕೊಂಡು ಹೇಳಿದ. ಅಪ್ಪ ತಲೆ ತಗ್ಗಿಸಿ ನಿಂತಿದ್ದರು. ಅವರ ಕಣ್ಣಲ್ಲಿ ನೀರು ಕಂಡು ಡಾಕ್ಟರಿಗೆ ಕನಿಕರ ಹುಟ್ಟಿತು. ನಾಚಿಕೆಯನ್ನು ಅವರು ದುಃಖವೆಂದು ತಿಳಿದರು. ಅಂಗಡಿಯ ಮೇಲೆ ದೂರು ಕೊಡಲಿಲ್ಲ. ಆದರೆ ನೂರಾರು ಜನರ ಚಿತ್ರ ಹೋದದ್ದಕ್ಕೆ ಯಾರಾದರೂ ಒಬ್ಬರು ಉತ್ತರ ಹೇಳಬೇಕಲ್ಲ. ಪರೀಕ್ಷೆ ಮಾಡದೆ ರುಜು ಹಾಕಿದವಳು ಪುಟ್ಟಿ. ಅವಳನ್ನು ಕೆಲಸದಿಂದ ತೆಗೆದರು.

ಅಷ್ಟರಲ್ಲೇ ಮುಗಿಯಿತಲ್ಲ ಎಂದು ಮನೆಯವರೆಲ್ಲ ಉಸಿರು ಬಿಟ್ಟರು. ಅಪ್ಪ ಮಾತ್ರ ಬಾಗಿಲ ಬಳಿಯ ಕುರ್ಚಿಯನ್ನು ಎತ್ತಿ ತಂದು ಒಳಗೆ ಬಟ್ಟೆ ಒಣಗಿಸುವ ಕಡೆ ಹಾಕಿಕೊಂಡರು. ಗಿರಾಕಿಗಳು, "ಯಜಮಾನ್ರು ಎಲ್ಲಿ?" ಎಂದರೆ ಮಗ, "ಹುಷಾರಿಲ್ಲ" ಎನ್ನುತ್ತಿದ್ದ.

ದೊಡ್ಡ ಆಸ್ಪತ್ರೆಯ ಡಾಕ್ಟರು ದರ್ಜಿ ಅಕ್ಕನಿಗೆ, ಹೋಲಿಸಲು ಹಳೆಯ ಚಿತ್ರ ಇಲ್ಲ, ಕಾಯುವ ಧೈರ್ಯ ನನಗಿಲ್ಲ, ತೆಗೆದುಬಿಡೋಣ ಎಂದರು. ಪಕ್ಕೆ ಕೊಯ್ದು ತೆಗೆದರು. ಅಮ್ಮ ದಿನವೂ ಗಂಜಿ ಮಾಡಿ ಡಬ್ಬಿಗೆ ಹಾಕಿಕೊಂಡು ಹೋದಳು, ಸೊಸೆ ಅವಳ ಬಟ್ಟೆ ಒಗೆದಳು. ವಾರ ಕಳೆದ ಮೇಲೆ ಫಲಿತಾಂಶ ಬಂತು. ಏನೂ ಇರಲಿಲ್ಲ. ಎಂದೋ ಆರಿದ ಹಳೆಯ ಗಾಯದ ಕಲೆ ಅಷ್ಟೆ.

"ದೇವರು ದೊಡ್ಡವನು, ಏನೂ ಇಲ್ವಂತೆ" ಎಂದು ಅಮ್ಮ ಮನೆಗೆ ಬಂದು ಸಂತೋಷದಿಂದ ಹೇಳಿದಳು. "ನೀನು ಸುಮ್ನೆ ಹೆದರಿಸ್ತಿದ್ದೆ ಪುಟ್ಟಿ."

"ಏನೂ ಇಲ್ಲದ್ದಕ್ಕೆ ಕೊಯ್ದರಮ್ಮ ಅವಳನ್ನ. ಹಳೇ ಚಿತ್ರ ಇದ್ದಿದ್ರೆ ಕೊಯ್ತಾನೇ ಇರ್ಲಿಲ್ಲ."

ಅಮ್ಮನ ಮುಖ ಸಣ್ಣದಾಯಿತು. "ಹಾಗೆಲ್ಲ ಅವಳ ಮುಂದೆ ಅನ್ಬೇಡ" ಎಂದಳು.

ದರ್ಜಿ ಅಕ್ಕ ಮನೆಗೆ ಬಂದಳು. ಮೆಷಿನ್ನು ತುಳಿದರೆ ಹೊಲಿಗೆ ಹಾಕಿದ ಪಕ್ಕೆ ಎಳೆಯುತ್ತಿತ್ತು, ಬಲಗೈ ಹೆಗಲಿಗಿಂತ ಮೇಲೆ ಏಳುತ್ತಿರಲಿಲ್ಲ. ಕೊಟ್ಟ ಬಟ್ಟೆಗಳನ್ನು ಜನ ಒಬ್ಬೊಬ್ಬರಾಗಿ ವಾಪಸು ತೆಗೆದುಕೊಂಡು ಹೋದರು. ಹಿತ್ತಲ ಬೇಲಿಯ ಆಚೆಯಿಂದ ಪುಟ್ಟಿಯನ್ನು ಕಂಡಾಗ, "ನನ್ನಿಂದ ನಿನ್ನ ಕೆಲಸ ಹೋಯ್ತಂತಲ್ಲೇ, ಬೇಜಾರು ಮಾಡ್ಕೋಬೇಡ" ಎಂದಳು. ಪುಟ್ಟಿಗೆ ಅಲ್ಲೇ ಎಲ್ಲ ಹೇಳಿಬಿಡಬೇಕೆನಿಸಿತು. ಆದರೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ತನ್ನನ್ನು ತಾನೇ ಬೈದುಕೊಂಡಳು.

*

ಪುಟ್ಟಿಯ ಸಂಬಳ ನಿಂತಿತ್ತು. ಅಪ್ಪ ಕೂರದ ಅಂಗಡಿಗೆ ಗಿರಾಕಿ ಕಡಿಮೆಯಾಗಿತ್ತು. ಮೊಟ್ಟೆ ಬರುವುದು ನಿಂತು, ಬೇಳೆ ತೆಳ್ಳಗಾಯಿತು. ಹೀಗೆ ಕೆಲವು ವಾರ ಹೋದ ಮೇಲೆ ಒಂದು ಮಧ್ಯಾಹ್ನ ಪುಟ್ಟಿ ಕೆಲಸ ಕೇಳಲು ಹೋದವಳು ಇಲ್ಲ ಎನ್ನಿಸಿಕೊಂಡು ಬೇಗ ಮನೆಗೆ ಬಂದಳು. ಪರದೆ ಸರಿಸಿದಳು.

ಊಟದ ಮೇಜಿನ ಮೇಲೆ ರಟ್ಟಿನ ಪೆಟ್ಟಿಗೆಯಿತ್ತು. ಒಂದು ಕಡೆ ಸೊಸೆ ಡಿಸ್ಕು ಒರೆಸುತ್ತಿದ್ದಳು. ಇನ್ನೊಂದು ಕಡೆ, ಬೆನ್ನಿಗೆ ದಿಂಬು ಕೊಟ್ಟುಕೊಂಡು, ದರ್ಜಿ ಅಕ್ಕ ಕೂತಿದ್ದಳು. ತನ್ನ ಸ್ವಂತ ಕತ್ತರಿಯಲ್ಲಿ ಹೊಸ ಲೇಬಲ್ಲುಗಳಿಗೆ ಗುಂಡಗೆ ತೂತು ಕತ್ತರಿಸುತ್ತಿದ್ದಳು.

"ಬಾ ಪುಟ್ಟಿ, ನೋಡು. ನಿಮ್ಮತ್ತಿಗೆ ಕತ್ತರಿಸಿದ್ದನ್ನ ನೋಡಿ ನಗು ಬಂತು. ಒಂದೂ ಗುಂಡಗಿಲ್ಲ. ಅಂಗಿಗಳ ಕುತ್ತಿಗೆ ಕತ್ತರಿಸಿ ಕತ್ತರಿಸಿ ಪಳಗಿದ ಕೈ ಇದು" ಎಂದಳು ದರ್ಜಿ ಅಕ್ಕ.

ಅಮ್ಮ ಚಹಾದ ಲೋಟ ತಂದಳು. ಮಗಳ ಮುಖ ನೋಡಿ ಮೆಲ್ಲಗೆ, "ಕೂತಲ್ಲೇ ಮಾಡೋ ಕೆಲಸ ಅಂತ ನಾನೇ ಕರ್ಕೊಂಡು ಬಂದೆ. ಪಾಪ, ಅವಳಿಗೂ ಒಂದು ದಾರಿ ಆಗ್ಲಿ" ಎಂದಳು. ಅವಳ ಕನಿಕರ ನಿಜವಾದದ್ದೇ. ಅಂಥ ಕನಿಕರವನ್ನು ಎಲ್ಲಿಗೆ ತೆಗೆದುಕೊಂಡು ಹೋಗಿ ಸುರಿಯುವುದು?

ಪುಟ್ಟಿ ಒಂದು ಲೇಬಲ್ಲು ಎತ್ತಿಕೊಂಡಳು. ಈ ಸಲ ಅಣ್ಣ ಪೂರ್ತಿ ಬರೆಸಿದ್ದ. ಗುಂಡು ಜಾಗದ ಕೆಳಗೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ: ಈ ತೂತನ್ನು ಮುಚ್ಚಬೇಡಿ.

"ಅಣ್ಣ" ಎಂದು ಕೂಗಿದಳು. ಅವನು ಪರದೆಯ ಆಚೆಯಿಂದ ಇಣುಕಿದ. "ಮಾಡಲ್ಲ ಅಂದಿದ್ಯಲ್ಲ."

"ನಿನ್ನ ಸಂಬಳ ಬಂದಿದ್ರೆ ಮಾಡ್ತಿರ್ಲಿಲ್ಲ. ಈ ಸಲ ಏನೂ ಆಗಲ್ಲ. ಎಲ್ಲಿ ತಪ್ಪಾಯ್ತು ಅಂತ ಗೊತ್ತಾಯ್ತಲ್ಲ."

"ಅಕ್ಕ, ಕತ್ತರಿ ಕೆಳಗಿಡಿ" ಎಂದಳು ಪುಟ್ಟಿ.

"ಯಾಕೆ? ಓರೆಯಾಯ್ತಾ?"

"ಇವು ಹೊಸವಲ್ಲ. ಗುಜರೀವು. ಹೊಸದು ಅಂತ ಮಾರೋಕೆ ಲೇಬಲ್ಲು ಹಾಕ್ತಿರೋದು. ನಿಮ್ಮ ಚಿತ್ರ ಇಂಥದರಲ್ಲೇ ಇತ್ತು. ಇದೇ ಮೇಜಿನ ಮೇಲೆ ತಯಾರಾಗಿ ಸೆಂಟರಿಗೆ ಬಂತು. ರುಜು ಹಾಕಿ ತಗೊಂಡೋಳು ನಾನು. ಗೊತ್ತಾದ ಮೇಲೂ ಬಾಯಿ ಮುಚ್ಕೊಂಡಿದ್ದೋಳೂ ನಾನೇ."

"ಪುಟ್ಟಿ" ಎಂದಳು ಅಮ್ಮ. ಚಹಾದ ಲೋಟ ಅವಳ ಕೈಯಲ್ಲೇ ಇತ್ತು.

ದರ್ಜಿ ಅಕ್ಕ ತನ್ನ ಮುಂದಿನ ಡಿಸ್ಕನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ನೋಡಿದಳು. ಎಡಗೈ ತಾನಾಗಿ ಪಕ್ಕೆಯ ಹೊಲಿಗೆ ಮೇಲೆ ಹೋಗಿ ಕೂತಿತು.

"ಹಳೇ ಚಿತ್ರ ಇದ್ದಿದ್ರೆ ಕೊಯ್ತಿರ್ಲಿಲ್ವಾ?"

"ಇಲ್ಲ ಅಕ್ಕ."

ಸೊಸೆ ಮುಖ ಮುಚ್ಚಿಕೊಂಡಳು. ಮಗ, "ಅವಳಿಗೆ ತಲೆ ಕೆಟ್ಟಿದೆ ಅಕ್ಕ, ಕೆಲಸ ಹೋದಾಗಿಂದ ಹೀಗೇ" ಎಂದು ಒಳಗೆ ಬಂದ. ದರ್ಜಿ ಅಕ್ಕ ಅವನ ಮಾತು ಕಿವಿಗೇ ಹಾಕಿಕೊಳ್ಳಲಿಲ್ಲ.

"ಇವೆಲ್ಲ ಯಾರಿಗೆ ಹೋಗ್ತವೆ?" ಎಂದು ಅಮ್ಮನನ್ನು ಕೇಳಿದಳು.

ಅಮ್ಮ ಲೋಟವನ್ನು ಮೇಜಿನ ಮೇಲಿಟ್ಟಳು. ಬಟ್ಟೆ ಒಣಗಿಸುವ ಕಡೆಯಿಂದ ಅಪ್ಪ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದರು. "ಯಾರು ನಂಬ್ತಾರೋ ಅವರಿಗೆ" ಎಂದರು.

ದರ್ಜಿ ಅಕ್ಕ ಮೇಜು ಹಿಡಿದು ನಿಧಾನವಾಗಿ ಎದ್ದಳು. ಅಮ್ಮ ಕೈ ಕೊಡಲು ಹೋದರೆ ಬೇಡವೆಂದಳು. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಎಲ್ಲರಿಗೂ ಸುಲಭವಾಗುತ್ತಿತ್ತು. ಕತ್ತರಿಯ ಅಲಗಿಗೆ ಲೇಬಲ್ಲಿನ ಅಂಟು ಮೆತ್ತಿತ್ತು. ಸೊಸೆ ಅದನ್ನು ತೆಗೆದುಕೊಂಡು, ಅಭ್ಯಾಸಬಲದಿಂದ, ಎಣ್ಣೆಯ ಬಟ್ಟೆಯಲ್ಲಿ ಒರೆಸಲು ಹೊರಟಳು.

"ಹಾಗೇ ಕೊಡು. ಒರೆಸ್ಬೇಡ" ಎಂದಳು ದರ್ಜಿ ಅಕ್ಕ.

ಕತ್ತರಿಯನ್ನೂ, ಮುಂದಿದ್ದ ಡಿಸ್ಕನ್ನೂ, ತಾನು ಕತ್ತರಿಸಿದ ಒಂದು ಲೇಬಲ್ಲನ್ನೂ ಚೀಲಕ್ಕೆ ಹಾಕಿಕೊಂಡಳು. ಮಗ ಅಡ್ಡ ಬಂದ. "ಅಕ್ಕ, ಅದನ್ನ ಇಟ್ಟು ಹೋಗಿ."

"ದಾರಿ ಬಿಡೋ" ಎಂದರು ಅಪ್ಪ. ಅವರ ದನಿ ಆ ಮನೆಯಲ್ಲಿ ಕೇಳಿ ಬಹಳ ದಿನವಾಗಿತ್ತು. ಮಗ ಅಪ್ಪನ ಮುಖ ನೋಡಿ ಪಕ್ಕಕ್ಕೆ ಸರಿದ.

ಪರದೆಯ ಹತ್ತಿರ ನಿಂತು ದರ್ಜಿ ಅಕ್ಕ ತಿರುಗಿದಳು. "ಪುಟ್ಟಿ, ನನಗೆ ಹೇಳಿ ನಿನಗೆ ಹಗುರ ಆಯ್ತು. ನನಗೇನಾಯ್ತು? ಇದೇ ಮಾತನ್ನ ಡಾಕ್ಟರ ಮುಂದೆ ಹೇಳ್ತೀಯಾ?"

ಪುಟ್ಟಿ ಅಮ್ಮನನ್ನು ನೋಡಿದಳು, ಅತ್ತಿಗೆಯನ್ನು ನೋಡಿದಳು. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು, ಅದನ್ನು ಇಳಿಸಬೇಕೆಂದು ಯಾರಿಗೂ ನೆನಪಿರಲಿಲ್ಲ.

"ಹೇಳ್ತೀನಿ."

"ಹಾಗಾದ್ರೆ ಚಪ್ಪಲಿ ಹಾಕ್ಕೋ" ಎಂದಳು ದರ್ಜಿ ಅಕ್ಕ. "ನನಗೆ ಜೋರಾಗಿ ನಡೆಯೋಕಾಗಲ್ಲ, ಸೆಂಟರು ಮುಚ್ಚೋದ್ರೊಳಗೆ ಹೋಗ್ಬೇಕು."